ಮನೆಮಂದಿಯ ಕಪಾಟಿಗೆ ಕನ್ನಡದ ಕ್ರೈಸ್ತ ಪುಸ್ತಕಗಳು: ಕಲ್ಲಚ್ಚಿನಿಂದ ಇ-ಪುಸ್ತಕದವರೆಗೆ

ಕನ್ನಡದಲ್ಲಿ ಕ್ರೈಸ್ತ ಪುಸ್ತಕಗಳೆಂದರೆ ಬೈಬಲ್ ಮತ್ತು ಆರಾಧನೆಯ ಹಾಡುಗಳ ಸಂಗ್ರಹ, ಇಷ್ಟೇ ಎಂಬ ತಿಳಿವಳಿಕೆ ನಗರದ ಓದುಗರಲ್ಲಿ ಸಾಮಾನ್ಯವಾಗಿದೆ. ದೊಡ್ಡ ಪುಸ್ತಕ ಮಳಿಗೆಗಳ ಕಪಾಟುಗಳೂ ಈ ತಿಳಿವಳಿಕೆಯನ್ನು ಅಲ್ಲಗಳೆಯುವುದಿಲ್ಲ. ವಾಸ್ತವದಲ್ಲಿ ಕನ್ನಡ ಮುದ್ರಣದ ಇತಿಹಾಸವೇ ಬಹುಮಟ್ಟಿಗೆ ಈ ಪುಸ್ತಕಗಳೊಂದಿಗೆ ಬೆಸೆದುಕೊಂಡಿದೆ. ಕಥೆ, ಕಾವ್ಯ, ಕಾದಂಬರಿ, ಮಕ್ಕಳ ಪುಸ್ತಕ ಎಲ್ಲವೂ ಈ ಪರಂಪರೆಯಲ್ಲಿವೆ. ಇಲ್ಲದಿರುವುದು ಪ್ರಚಾರ ಮತ್ತು ವಿತರಣೆ. ಮನೆಯಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಕೂಡಿ ಓದಬಹುದಾದ ಕನ್ನಡ ಕ್ರೈಸ್ತ ಪುಸ್ತಕಗಳು ಯಾವುವು, ಸಣ್ಣ ಪ್ರಕಾಶಕರಿಂದ ಹಾಗೂ ಇ-ಪುಸ್ತಕ ರೂಪದಲ್ಲಿ ಅವುಗಳನ್ನು ಪಡೆಯುವ ಬಗೆ ಹೇಗೆ ಎಂಬುದರ ವಿವರ ಇಲ್ಲಿದೆ.

ಗದಗ ಸೀಮೆಯ ಹಿನ್ನೆಲೆ

ಈ ಕಥೆಯಲ್ಲಿ ಗದಗ-ಬೆಟಗೇರಿ ಸೀಮೆಗೆ ವಿಶೇಷ ಸ್ಥಾನವಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್, 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿತು. 1840ರ ದಶಕದಲ್ಲಿ ಅದರ ಕೆಲಸ ಬೆಟಗೇರಿಗೂ ಸಮೀಪದ ಮಲ್ಲಸಮುದ್ರಕ್ಕೂ ವಿಸ್ತರಿಸಿತು. ಬೆಟಗೇರಿಯ ಆಸ್ಪತ್ರೆಯನ್ನು ಜನ ಇಂದಿಗೂ 'ಜರ್ಮನ್ ಆಸ್ಪತ್ರೆ' ಎಂದು ಕರೆಯುವುದು ಆ ಕಾಲದ ನೆನಪಾಗಿಯೇ. ಮಿಷನರಿಗಳು ಜಾತ್ರೆ, ಸಂತೆಗಳಲ್ಲಿ ಕಿರುಹೊತ್ತಗೆಗಳನ್ನು ಹಂಚಿದರು, ಮಾರಿದರು. ಆ ಹೊತ್ತಗೆಗಳು ಅಚ್ಚಾಗುತ್ತಿದ್ದುದು 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯದ ಕಲ್ಲಚ್ಚಿನಲ್ಲಿ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರು ಸಮಾಚಾರ', ಕನ್ನಡದ ಮೊದಲ ಪತ್ರಿಕೆ, ಅದೇ ಮುದ್ರಣಾಲಯದ ಕೂಸು.

ಇದೇ ಜಿಲ್ಲೆಯ ಲಕ್ಷ್ಮೇಶ್ವರ ಪ್ರಾಚೀನ ಪುಲಿಗೆರೆ. ಕಿಸುವೊಳಲು, ಕೊಪಣ, ಒಕ್ಕುಂದಗಳೊಡನೆ ತಿರುಳ್ಗನ್ನಡದ ನಾಡನ್ನು ಗುರುತಿಸುವ ನಾಲ್ಕು ಊರುಗಳಲ್ಲೊಂದು ಎಂದು 'ಕವಿರಾಜಮಾರ್ಗ' ಹೆಸರಿಸುವ ಸ್ಥಳವದು. ಪಕ್ಕದ ಶಿರಹಟ್ಟಿಯ ಫಕೀರೇಶ್ವರ ಮಠ ತನ್ನ ಹೆಸರಿನಲ್ಲಿಯೇ ಫಕೀರನನ್ನೂ ಈಶ್ವರನನ್ನೂ ಒಂದುಗೂಡಿಸಿಕೊಂಡಿದೆ. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ (1949-2018) ನೂರಾರು ಪುಸ್ತಕಗಳನ್ನು ಪ್ರಕಟಿಸಿ 'ಪುಸ್ತಕದ ಸ್ವಾಮೀಜಿ' ಎನಿಸಿಕೊಂಡರು. 2001ರ ರಾಷ್ಟ್ರೀಯ ಕೋಮು ಸೌಹಾರ್ದ ಪ್ರಶಸ್ತಿ ಅವರಿಗೆ ಸಂದಿತು. ಧಾರ್ಮಿಕ ಸಂಸ್ಥೆಯೊಂದು ವ್ಯಾಪಾರದ ಲೆಕ್ಕಾಚಾರಕ್ಕೆ ಜೋತುಬೀಳದೆ ಪುಸ್ತಕ ಪ್ರಕಟಿಸಬಲ್ಲದು ಎಂಬುದಕ್ಕೆ ಈ ಸೀಮೆಯವರು ದೂರದ ಉದಾಹರಣೆಯನ್ನು ಅರಸಬೇಕಿಲ್ಲ.

ಮಾರುಕಟ್ಟೆ ಏಕೆ ಚಿಕ್ಕದು?

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರ ಸಂಖ್ಯೆ ಸುಮಾರು 11.4 ಲಕ್ಷ, ಅಂದರೆ ಒಟ್ಟು ಜನಸಂಖ್ಯೆಯ ಶೇ. 1.87. ಇವರೆಲ್ಲರೂ ಕನ್ನಡದಲ್ಲಿ ಪ್ರಾರ್ಥಿಸುವವರಲ್ಲ. ಕರಾವಳಿಯ ಕಥೋಲಿಕರಲ್ಲಿ ಕೊಂಕಣಿ, ಬೆಂಗಳೂರು ಮತ್ತು ಕೋಲಾರದ ಕಡೆ ತಮಿಳು, ತೆಲುಗು, ಇನ್ನು ಕೆಲವೆಡೆ ಮಲಯಾಳ, ಇಂಗ್ಲಿಷ್ ಬಳಕೆಯಲ್ಲಿವೆ. ಕನ್ನಡವನ್ನೇ ಮನೆಮಾತಾಗಿಯೋ ಆರಾಧನೆಯ ಭಾಷೆಯಾಗಿಯೋ ಉಳ್ಳ ಕುಟುಂಬಗಳು ಉತ್ತರ ಕರ್ನಾಟಕದಲ್ಲಿಯೂ ಹಳೆಯ ಮೈಸೂರು ಭಾಗದಲ್ಲಿಯೂ ಚದುರಿವೆ. ಐನೂರು, ಸಾವಿರ ಪ್ರತಿಗಳ ಮುದ್ರಣವೇ ಇಲ್ಲಿ ದೊಡ್ಡ ಸಾಹಸ. ಆದ್ದರಿಂದ ಈ ಪುಸ್ತಕಗಳು ಚರ್ಚಿನ ಅಂಗಳ, ವಾರ್ಷಿಕ ಕೂಟ, ಅಂಚೆ ಇವುಗಳ ಮೂಲಕ ಓಡಾಡುತ್ತವೆಯೇ ಹೊರತು ಬಸ್ ನಿಲ್ದಾಣದ ಅಂಗಡಿಗೆ ಬರುವುದಿಲ್ಲ. ಮೊದಲ ಮುದ್ರಣ ತೀರಿದ ಮೇಲೆ ಎರಡನೆಯದು ಬರುವುದು ಅಪರೂಪ.

ಇದರೊಡನೆ ಇನ್ನೊಂದು ಸಮಸ್ಯೆ ಸೇರಿಕೊಂಡಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಮಕ್ಕಳು ಅದೇ ಭಾಷೆಯ ಬಣ್ಣದ ಬೈಬಲ್ ಕಥೆಗಳನ್ನು ಓದುತ್ತಾರೆ. ಅಜ್ಜ-ಅಜ್ಜಿಯರ ಕೈಯಲ್ಲಿ ಹಳೆಯ 'ಸತ್ಯವೇದವು'. ಒಂದೇ ಮನೆ, ಒಂದೇ ಕಥೆ, ಆದರೆ ಓದು ಎರಡು ಭಾಷೆಗಳಲ್ಲಿ ಹಂಚಿಹೋಗಿದೆ. ಕೂಡಿ ಓದುವ ಪುಸ್ತಕದ ಅಗತ್ಯ ಇರುವುದು ಇಲ್ಲಿಯೇ.

ಮನೆಗೆ ಸಲ್ಲುವ ಪುಸ್ತಕದ ಲಕ್ಷಣ

ಧಾರ್ಮಿಕ ಪುಸ್ತಕ ಎಂದ ಮಾತ್ರಕ್ಕೆ ಅದು ಎಲ್ಲ ವಯಸ್ಸಿನವರಿಗೂ ತಕ್ಕುದು ಎನ್ನಲಾಗದು. ಕೊಳ್ಳುವ ಮೊದಲು ನಾಲ್ಕು ಅಂಶಗಳನ್ನು ಪರಿಶೀಲಿಸುವುದು ಲೇಸು.

ಮೊದಲನೆಯದು ಭಾಷೆ. ಒಂದು ಪುಟವನ್ನು ಗಟ್ಟಿಯಾಗಿ ಓದಿನೋಡಬೇಕು. ಇಂಗ್ಲಿಷ್ ವಾಕ್ಯದ ಎಲುಬಿಗೆ ಕನ್ನಡದ ತೊಗಲು ಹೊದಿಸಿದಂತಿದ್ದರೆ ಮಕ್ಕಳು ಎರಡನೆಯ ಪುಟಕ್ಕೆ ಬರುವುದಿಲ್ಲ. ಎರಡನೆಯದು ವಯಸ್ಸು. ಬೈಬಲಿನಲ್ಲಿಯೂ 'ನ್ಯಾಯಸ್ಥಾಪಕರು' ಭಾಗದಂತಹ ರಕ್ತಸಿಕ್ತ ಪ್ರಸಂಗಗಳಿವೆ. ಅವು ಎಳೆಯರಿಗಲ್ಲ. ಮೂರನೆಯದು ಧೋರಣೆ. ತನ್ನ ನಂಬಿಕೆಯನ್ನು ಹೇಳಲು ನೆರೆಮನೆಯವರ ನಂಬಿಕೆಯನ್ನು ಹಳಿಯುವ ಪುಸ್ತಕ ಮನೆಮಂದಿಯ ಓದಿಗೆ ಸಲ್ಲದು. ಮಕ್ಕಳು ಮರುದಿನ ಶಾಲೆಯಲ್ಲಿ ಅದೇ ನೆರೆಮನೆಯ ಮಕ್ಕಳೊಂದಿಗೆ ಕೂರಬೇಕು. ನಾಲ್ಕನೆಯದು ಹೊಣೆಗಾರಿಕೆ. ಲೇಖಕ, ಅನುವಾದಕ, ಪ್ರಕಾಶಕರ ಹೆಸರು, ವರ್ಷ, ವಿಳಾಸ ಮುದ್ರಿತವಾಗಿವೆಯೇ ಎಂದು ನೋಡಬೇಕು. ರೋಗ ವಾಸಿಯಾಗುವ, ಹಣ ಕೂಡಿಬರುವ ಭರವಸೆಯನ್ನೇ ಮುಖಪುಟದಲ್ಲಿ ಹೊತ್ತ ಹೊತ್ತಗೆಗಳ ವಿಷಯದಲ್ಲಿ ಎಚ್ಚರಿಕೆ ಅಗತ್ಯ.

ಯಾವ ಬೈಬಲ್, ಯಾರಿಗೆ?

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೈಗೊಂಡ ಕನ್ನಡ ಬೈಬಲ್ ಅನುವಾದ 1831ರ ಹೊತ್ತಿಗೆ ಪೂರ್ಣಗೊಂಡಿತು. ಅಂದಿನಿಂದ ಅದು ಹಲವು ಬಾರಿ ಪರಿಷ್ಕಾರಗೊಂಡಿದೆ. ಇಂದು ಓದುಗರ ಮುಂದೆ ಒಂದಲ್ಲ, ಹಲವು ಅನುವಾದಗಳಿವೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಭಾರತ ಬೈಬಲ್ ಸೊಸೈಟಿಯ ಹಳೆಯ ಸಂಪ್ರದಾಯದ 'ಸತ್ಯವೇದವು' ಹಿರಿಯರಿಗೆ ಪರಿಚಿತ. ಅದರ ಗಂಭೀರ ನಡೆ, ಹಳೆಯ ಕ್ರಿಯಾರೂಪಗಳು ಕಿವಿಗೆ ಇಂಪು, ಆದರೆ ಹತ್ತು ವರ್ಷದ ಮಗುವಿಗೆ ಕಠಿಣ. ಅದೇ ಸಂಸ್ಥೆಯ ಸಾಮಾನ್ಯ ಭಾಷೆಯ ಅನುವಾದ ಕೂಡಿ ಓದುವುದಕ್ಕೆ ಹೆಚ್ಚು ಅನುಕೂಲ. 'ಪರಿಶುದ್ಧ ಬೈಬಲ್' ಹೆಸರಿನ ಸರಳ ಅನುವಾದ, ಬಿಬ್ಲಿಕಾ ಸಂಸ್ಥೆಯ ಸಮಕಾಲಿಕ ಅನುವಾದಗಳೂ ಲಭ್ಯವಿವೆ.

ಕೊಳ್ಳುವಾಗ ಒಂದು ವಿಷಯ ತಿಳಿದಿರಲಿ. ಪ್ರಾಟೆಸ್ಟಂಟ್ ಬೈಬಲಿನಲ್ಲಿ 66 ಗ್ರಂಥಗಳು, ಕಥೋಲಿಕ ಬೈಬಲಿನಲ್ಲಿ 73. ಉಡುಗೊರೆ ಕೊಡುವವರು ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇಡೀ ಬೈಬಲನ್ನು ಮೊದಲ ಪುಟದಿಂದ ಓದಲು ಹೊರಟ ಕುಟುಂಬಗಳು ವಂಶಾವಳಿಗಳ ನಡುವೆ ದಣಿದು ನಿಲ್ಲುವುದುಂಟು. ಆರಂಭಕ್ಕೆ ನಾಲ್ಕು ಅಧ್ಯಾಯಗಳ 'ರೂತಳು', ಅಷ್ಟೇ ಚಿಕ್ಕದಾದ 'ಯೋನ', ಲೂಕನ ಸುವಾರ್ತೆಯ 10 ಮತ್ತು 15ನೆಯ ಅಧ್ಯಾಯಗಳಲ್ಲಿ ಬರುವ ಸಮಾರ್ಯದವನ ಕಥೆ ಹಾಗೂ ಮನೆ ಬಿಟ್ಟು ಹೋಗಿ ಮರಳಿದ ಮಗನ ಕಥೆ ಸೂಕ್ತ. 'ಜ್ಞಾನೋಕ್ತಿಗಳು' ಭಾಗವನ್ನು ಸರ್ವಜ್ಞನ ತ್ರಿಪದಿಗಳೊಂದಿಗೆ ಇಟ್ಟುಕೊಂಡು ಓದಿದರೆ ಮಕ್ಕಳಿಗೆ ಹೋಲಿಕೆಯ ಆಟವೇ ಆಗುತ್ತದೆ. ಮಾತಿನ ಮಿತಿ, ಸೋಮಾರಿತನ, ಸಾಲ, ಸ್ನೇಹ ಎರಡರಲ್ಲೂ ಬರುವ ವಿಷಯಗಳು.

ಎಳೆಯರಿಗೆ

'ಓಪನ್ ಬೈಬಲ್ ಸ್ಟೋರೀಸ್' ಹೆಸರಿನ 50 ಸಚಿತ್ರ ಕಥೆಗಳ ಮಾಲೆ ಹಲವು ಭಾಷೆಗಳಂತೆ ಕನ್ನಡದಲ್ಲಿಯೂ ಇದೆ. ಸೃಷ್ಟಿಯಿಂದ ಆರಂಭಿಸಿ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಪ್ರತಿ ತುಣುಕಿಗೂ ಚಿತ್ರದೊಂದಿಗೆ ಕಥೆ ಸಾಗುತ್ತದೆ. ಇದರ ವಿಶೇಷವೆಂದರೆ ಮುಕ್ತ ಪರವಾನಗಿ. ಮೂಲವನ್ನು ಹೆಸರಿಸಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಪ್ರತಿ ಮಾಡಬಹುದು, ಮುದ್ರಿಸಬಹುದು, ತಿದ್ದಿ ಬಳಸಬಹುದು. ಮುಂಡರಗಿಯ ಅಥವಾ ಶಿರಹಟ್ಟಿಯ ಚಿಕ್ಕ ಸಭೆಯೊಂದು ತನ್ನ ಮಕ್ಕಳ ಭಾನುವಾರದ ಶಾಲೆಗೆ ಇದನ್ನು ಅಚ್ಚು ಹಾಕಿಸಿಕೊಳ್ಳಲು ಯಾರಿಗೂ ಗೌರವಧನ ಕೊಡಬೇಕಿಲ್ಲ. ಧಾರವಾಡ ಕಡೆಯ ಆಡುಮಾತಿಗೆ ಹೊಂದುವಂತೆ ಅಲ್ಲಲ್ಲಿ ಪದ ಬದಲಿಸಿಕೊಳ್ಳುವುದಕ್ಕೂ ಅಡ್ಡಿಯಿಲ್ಲ.

ಓದಲು ಬಾರದ ಎಳೆಯರಿಗೂ ಕಣ್ಣು ಮಂಜಾದ ಹಿರಿಯರಿಗೂ ಧ್ವನಿ ರೂಪದ ಹೊಸ ಒಡಂಬಡಿಕೆ ಮೊಬೈಲ್ ಆ್ಯಪ್‌ಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಅಡುಗೆಮನೆಯಲ್ಲಿ ಕೇಳಿಸಿಕೊಳ್ಳುವ ಓದು ಇದು.

ಧರ್ಮಬೋಧೆಯಿಲ್ಲದ ಒಳ್ಳೆಯ ಕಥೆಯನ್ನು ಬಯಸುವವರಿಗೆ ಸಾಗರದ ನಾ. ಡಿಸೋಜ (1937-2025) ಅವರ ಮಕ್ಕಳ ಪುಸ್ತಕಗಳಿವೆ. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರುಗಳ ನೋವನ್ನು ಬದುಕಿನುದ್ದಕ್ಕೂ ಬರೆದ ಅವರ 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಬಾಲ ಸಾಹಿತ್ಯ ಪುರಸ್ಕಾರ ದೊರೆಯಿತು.

ಹರೆಯದವರಿಗೆ, ಹಿರಿಯರಿಗೆ

ಡಿಸೋಜ ಅವರದೇ 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಕಾದಂಬರಿ ಕನ್ನಡ ಕ್ರೈಸ್ತರ ದಿನದ ಬದುಕನ್ನು ಒಳಗಿನಿಂದ ಬಲ್ಲ ಲೇಖಕನ ಬರಹ. ಕ್ರೈಸ್ತ ಪಾತ್ರವೆಂದರೆ ಚಲನಚಿತ್ರಗಳಲ್ಲಿ ಕಾಣುವ ಹುಸಿ ಉಚ್ಚಾರದ ವ್ಯಕ್ತಿ ಎಂದುಕೊಂಡಿರುವ ಓದುಗರು ಅಗತ್ಯವಾಗಿ ಓದಬೇಕಾದ ಕೃತಿಯಿದು.

ಕಾವ್ಯದಲ್ಲಿ ಮೊದಲು ನೆನೆಯಬೇಕಾದುದು ಮಂಜೇಶ್ವರದ ಗೋವಿಂದ ಪೈ (1883-1963) ಅವರ 'ಗೊಲ್ಗೊಥಾ'. ಕ್ರಿಸ್ತನ ಕೊನೆಯ ದಿನವನ್ನು ವಸ್ತುವಾಗುಳ್ಳ ಈ ಖಂಡಕಾವ್ಯವನ್ನು ಬರೆದವರು ಕ್ರೈಸ್ತರಲ್ಲ. ಬುದ್ಧನ ಕೊನೆಯ ದಿನವನ್ನು ಕುರಿತು 'ವೈಶಾಖಿ'ಯನ್ನೂ ಅವರೇ ಬರೆದರು. ಭಾಷೆ ಬಿಗಿಯಾದುದು, ನಿಘಂಟು ಪಕ್ಕದಲ್ಲಿರಬೇಕು. ಶುಭ ಶುಕ್ರವಾರದ ಸಂಜೆ ಒಬ್ಬರು ಓದಿ ಉಳಿದವರು ಕೇಳುವುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಮಿಗಿಲಾದ ಪುಸ್ತಕ ಕಾಣುವುದಿಲ್ಲ. ಅದಕ್ಕೂ ಮೊದಲು, 1862ರಲ್ಲಿ, ನಿಘಂಟುಕಾರ ಫರ್ಡಿನಾಂಡ್ ಕಿಟ್ಟೆಲ್ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಜೀವನವನ್ನು ನಮ್ಮ ಛಂದಸ್ಸಿನಲ್ಲಿ ಹೇಳಲು ಯತ್ನಿಸಿದ್ದರು. 1894ರ ಮಹಾನಿಘಂಟಿಗೆ ಮೂರು ದಶಕ ಮೊದಲಿನ ಆ ಪ್ರಯೋಗ ಇಂದು ಸಂಶೋಧಕರ ಕೈಯಲ್ಲಿ ಮಾತ್ರ ಉಳಿದಿರುವುದು ವಿಷಾದದ ಸಂಗತಿ.

ಜಾನ್ ಬನಿಯನ್ನನ 1678ರ ರೂಪಕ ಕಥೆ 'ಯಾತ್ರಿಕನ ಸಂಚಾರ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದುದು 1847ರ ಸುಮಾರಿಗೆ. ಕನ್ನಡ ಕಾದಂಬರಿಯ ಪೂರ್ವೇತಿಹಾಸ ಬರೆಯುವವರು ಇದನ್ನು ಹೆಸರಿಸದೆ ಮುಂದೆ ಹೋಗುವುದಿಲ್ಲ. ಟಾಲ್‌ಸ್ಟಾಯ್ ತನ್ನ ಉತ್ತರ ವಯಸ್ಸಿನಲ್ಲಿ ಹಳ್ಳಿಗರಿಗಾಗಿ ಬರೆದ ಕಥೆಗಳು, ಮುಖ್ಯವಾಗಿ ಭಗವಂತನ ದಾರಿ ಕಾಯುತ್ತ ಬಡವರನ್ನು ಉಪಚರಿಸುವ ಚಮ್ಮಾರನ ಕಥೆ, ಭೂಮಿಯ ದುರಾಸೆಯಿಂದ ಓಡಿ ಓಡಿ ಸಾಯುವ ರೈತನ ಕಥೆ, ಹಲವು ಅನುವಾದಗಳಲ್ಲಿ ಕನ್ನಡಕ್ಕೆ ಬಂದಿವೆ. ಹೊಲದ ಬದುವಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಕುಟುಂಬಗಳು ಇರುವ ಊರುಗಳಲ್ಲಿ ಎರಡನೆಯ ಕಥೆಗೆ ವಿವರಣೆಯ ಹಂಗಿಲ್ಲ.

ತಿರುಳ್ಗನ್ನಡದ ತಿರುಕ

ಈ ಪಟ್ಟಿಯಲ್ಲಿ ಪ್ರತ್ಯೇಕವಾಗಿ ನಿಲ್ಲುವ ಹೆಸರು ರೆವರೆಂಡ್ ಉತ್ತಂಗಿ ಚನ್ನಪ್ಪ (1881-1962) ಅವರದು. ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ದೈವಶಾಸ್ತ್ರ ಕಲಿತು, ಬಾಸೆಲ್ ಮಿಷನ್ನಿನ ಬೋಧಕರಾಗಿ ದುಡಿದ ಅವರು ಊರೂರು ಅಲೆದು, ಜನರ ಬಾಯಲ್ಲೂ ಓಲೆಯಲ್ಲೂ ಇದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಶಿವಶರಣರ ಅನುಭವ ಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದವರೂ ಇವರೇ. ತಮ್ಮನ್ನು 'ತಿರುಳ್ಗನ್ನಡದ ತಿರುಕ' ಎಂದು ಕರೆದುಕೊಂಡರು. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದಾಗಿತ್ತು. 2014ರ ಮಡಿಕೇರಿ ಸಮ್ಮೇಳನದಲ್ಲಿ ಆ ಪೀಠವೇರಿದವರು ನಾ. ಡಿಸೋಜ.

ಕ್ರೈಸ್ತ ಬೋಧಕನೊಬ್ಬ ಸರ್ವಜ್ಞನನ್ನು ಉಳಿಸಿಕೊಟ್ಟ ಸಂಗತಿಯನ್ನು ಯಾವುದೇ ಮತದ ಮನೆಯ ಮಕ್ಕಳಿಗೂ ಹೇಳಬಹುದು. 'ಮನೆಮಂದಿಯೆಲ್ಲ ಓದುವ ಕ್ರೈಸ್ತ ಪುಸ್ತಕ' ಎಂಬ ಮಾತಿಗೆ ಉತ್ತಂಗಿಯವರ 'ಸರ್ವಜ್ಞನ ವಚನಗಳು' ಸೇರುತ್ತದೆಯೇ ಎಂದು ಕೇಳುವವರಿರಬಹುದು. ಕ್ರೈಸ್ತ ಶ್ರದ್ಧೆ ಕನ್ನಡದ ನೆಲದಲ್ಲಿ ಏನು ಬೆಳೆಯಿತು ಎಂಬುದನ್ನು ತೋರುವ ಪುಸ್ತಕವಾದ್ದರಿಂದ ಅದು ಸೇರಲೇಬೇಕು.

ಇ-ಪುಸ್ತಕ: ಅನುಕೂಲ, ಅಡಚಣೆ

ವಿತರಣೆಯ ತೊಡಕನ್ನು ದಾಟಲು ಸಣ್ಣ ಪ್ರಕಾಶಕರಿಗೆ ಇ-ಪುಸ್ತಕ ಸಹಜವಾದ ದಾರಿ. ಆದರೆ ಕನ್ನಡಕ್ಕೆ ಆ ದಾರಿ ತಡವಾಗಿ ತೆರೆಯಿತು. ಅಮೆಜಾನ್ ಸಂಸ್ಥೆ 2016ರಲ್ಲಿ ಕಿಂಡಲ್‌ನಲ್ಲಿ ಭಾರತೀಯ ಭಾಷೆಗಳ ಪುಸ್ತಕ ವಿಭಾಗ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಇದ್ದವು, ಕನ್ನಡ ಇರಲಿಲ್ಲ. ಬಳಿಕ ಗೂಗಲ್ ಪ್ಲೇ ಬುಕ್ಸ್ ಹಾಗೂ ಮೈಲ್ಯಾಂಗ್‌ನಂತಹ ಕನ್ನಡದ್ದೇ ವೇದಿಕೆಗಳು ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿವೆ. ಗ್ರಂಥಾಲಯ ಇಲಾಖೆಯ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವೂ 2020ರಲ್ಲಿ ಆರಂಭವಾಯಿತು.

ತಾಂತ್ರಿಕವಾಗಿ ಓದುಗರು ಗಮನಿಸಬೇಕಾದ ಅಂಶವೊಂದಿದೆ. ಹಿಂದಿನ ದಶಕಗಳಲ್ಲಿ ಕಂಪ್ಯೂಟರಿನಲ್ಲಿ ಜೋಡಿಸಿದ ಬಹಳಷ್ಟು ಕನ್ನಡ ಪುಸ್ತಕಗಳು ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿವೆ. ಅವುಗಳ ಪಿಡಿಎಫ್ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಪದ ಹುಡುಕಲಾಗದು, ಧ್ವನಿಯಾಗಿ ಓದಿಸಲಾಗದು. ಮೊಬೈಲ್ ಪರದೆಯಲ್ಲಿ ಪುಟವನ್ನು ಅತ್ತಿತ್ತ ಎಳೆದಾಡಬೇಕಾಗುತ್ತದೆ. ಯೂನಿಕೋಡ್‌ನಲ್ಲಿರುವ ಇಪಬ್ ಮಾದರಿಯಾದರೆ ಅಕ್ಷರವನ್ನು ದೊಡ್ಡದು ಮಾಡಿದಂತೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಅಜ್ಜಿಗೂ ಮೊಮ್ಮಗಳಿಗೂ ಒಂದೇ ಪುಸ್ತಕ ಸಾಲುವುದು ಆಗ. ಹಣ ಕೊಡುವ ಮೊದಲು ಮಾದರಿ ಪುಟಗಳನ್ನು ತೆರೆದು ಪರೀಕ್ಷಿಸುವುದು ಜಾಣತನ.

ಹಳೆಯ ಪುಸ್ತಕಗಳಿಗೆ ಇಂಟರ್ನೆಟ್ ಆರ್ಕೈವ್ ದೊಡ್ಡ ಆಸರೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ತೆರೆದ ಗುಂಡರ್ಟ್ ಪೋರ್ಟಲ್‌ನಲ್ಲಿ ಮಲಯಾಳದ ಜತೆಗೆ ಬಾಸೆಲ್ ಮಿಷನ್ ಕಾಲದ ಕನ್ನಡ, ತುಳು ಪುಸ್ತಕಗಳ ಪ್ರತಿರೂಪಗಳೂ ಇವೆ. ಮಂಗಳೂರು ಬಲ್ಮಠದ ಕರ್ನಾಟಕ ದೈವಜ್ಞಾನ ಕಾಲೇಜಿನ ಗ್ರಂಥಭಂಡಾರದಲ್ಲಿ ಮೂಲ ಪ್ರತಿಗಳನ್ನು ಕಾಪಾಡಿಕೊಂಡು ಬರಲಾಗಿದೆ.

ಹಕ್ಕು ಮುಗಿದ ಪುಸ್ತಕಗಳ ಹೊಸ ಅವಕಾಶ

ಭಾರತದ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕ ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು ಆತ ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಉಳಿಯುತ್ತದೆ. 1962ರಲ್ಲಿ ನಿಧನರಾದ ಉತ್ತಂಗಿಯವರ ಅಂತಹ ಕೃತಿಗಳು 2023ರ ಜನವರಿ 1ರಿಂದಲೂ 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಕೃತಿಗಳು 2024ರ ಜನವರಿ 1ರಿಂದಲೂ ಹಕ್ಕುಮುಕ್ತವಾಗಿವೆ. ಕಿಟ್ಟೆಲ್, ಮೋಗ್ಲಿಂಗರ ಬರಹಗಳು ಎಂದೋ ಮುಕ್ತ. ಅನುವಾದಗಳ ವಿಷಯದಲ್ಲಿ ಅನುವಾದಕನ ಹಕ್ಕು ಬೇರೆಯೇ ಲೆಕ್ಕ. ಟಾಲ್‌ಸ್ಟಾಯ್ ಮುಕ್ತನಾದರೂ ಇತ್ತೀಚಿನ ಕನ್ನಡ ಟಾಲ್‌ಸ್ಟಾಯ್ ಮುಕ್ತನಲ್ಲ.

ಇದರ ಅರ್ಥ, ಸಣ್ಣ ಪ್ರಕಾಶಕರೊಬ್ಬರು 'ಗೊಲ್ಗೊಥಾ'ವನ್ನು ಕಠಿಣ ಪದಗಳ ಅರ್ಥದೊಂದಿಗೆ ಇ-ಪುಸ್ತಕವಾಗಿ ತರಲು ಇಂದು ಯಾರ ಅನುಮತಿಯೂ ಬೇಕಿಲ್ಲ. ಬೇಕಿರುವುದು ಅಕ್ಷರ ಜೋಡಿಸುವ, ಕರಡು ತಿದ್ದುವ ಶ್ರಮ. ಶರಣ ಸಾಹಿತ್ಯಕ್ಕೆ ಈ ಕೆಲಸ ಆಗಿದೆ. 'ವಚನ ಸಂಚಯ' ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಬಹುದು. ಕನ್ನಡ ಕ್ರೈಸ್ತ ಸಾಹಿತ್ಯಕ್ಕೆ ಅಂತಹ ಸಂಚಯವೊಂದು ರೂಪುಗೊಂಡರೆ ಅದರ ಲಾಭ ಒಂದು ಸಮುದಾಯಕ್ಕೆ ಸೀಮಿತವಾಗದು. ತಡವಾದಷ್ಟೂ ಹಳೆಯ ಕಾಗದ ಪುಡಿಯಾಗುತ್ತದೆ. ಅನೇಕ ಮನೆಗಳಲ್ಲಿ ಹಿರಿಯರು ತೀರಿಕೊಂಡ ಮೇಲೆ ಅವರ ಪುಸ್ತಕಗಳು ರದ್ದಿಯವನ ತಕ್ಕಡಿಗೆ ಹೋಗುತ್ತವೆ.

ಆರಂಭಿಸುವವರಿಗೆ ಕಿರುಪಟ್ಟಿ

ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಗೆ: ಐವತ್ತು ಸಚಿತ್ರ ಬೈಬಲ್ ಕಥೆಗಳು, ವಾರಕ್ಕೊಂದರಂತೆ. ಒಂದು ವರ್ಷಕ್ಕೆ ಸಾಕು.

ಹತ್ತರಿಂದ ಹದಿನೈದರ ವಯಸ್ಸಿನವರಿಗೆ: ಸಾಮಾನ್ಯ ಭಾಷೆಯ ಅನುವಾದದಲ್ಲಿ ಲೂಕನ ಸುವಾರ್ತೆ, ನಾ. ಡಿಸೋಜ ಅವರ ಮಕ್ಕಳ ಕೃತಿಗಳು, ಟಾಲ್‌ಸ್ಟಾಯ್ ಕಥೆಗಳ ಯಾವುದಾದರೂ ಒಳ್ಳೆಯ ಅನುವಾದ.

ಹಿರಿಯರಿಗೆ: 'ಗೊಲ್ಗೊಥಾ', 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು', ಧ್ವನಿ ರೂಪದ ಹೊಸ ಒಡಂಬಡಿಕೆ.

ಎಲ್ಲರಿಗೂ, ಎಲ್ಲ ಮನೆಗಳಿಗೂ: ಉತ್ತಂಗಿಯವರು ಸಂಪಾದಿಸಿದ ಸರ್ವಜ್ಞ.

ಮುದ್ರಿತ ಪ್ರತಿ ಬೇಕಾದವರು ಅಂಗಡಿಯಲ್ಲಿ ಸಿಗಲಿಲ್ಲವೆಂದು ಕೈಬಿಡದೆ ಪ್ರಕಾಶಕರನ್ನೇ ನೇರವಾಗಿ ಕೇಳಬೇಕು. ಸಣ್ಣ ಪ್ರಕಾಶಕನಿಗೆ ಮಳಿಗೆಯ ಸೋಡಿ ಉಳಿಯುತ್ತದೆ, ಓದುಗನಿಗೆ ಪುಸ್ತಕ ಮನೆಗೆ ಬರುತ್ತದೆ. ಮನೆಯಲ್ಲಿ ಹಳೆಯ ಕನ್ನಡ ಕ್ರೈಸ್ತ ಪುಸ್ತಕಗಳಿದ್ದವರು ಅವುಗಳನ್ನು ರದ್ದಿಗೆ ಹಾಕುವ ಮೊದಲು ಹತ್ತಿರದ ಗ್ರಂಥಾಲಯಕ್ಕೋ ಡಿಜಿಟಲೀಕರಣದಲ್ಲಿ ತೊಡಗಿದವರಿಗೋ ತೋರಿಸುವುದು ಉಚಿತ. ಮುಂಗಟ್ಟು ಹರಿದ, ಹೆಸರಿಲ್ಲದ ಪ್ರತಿಯೇ ಎಲ್ಲಿಯೂ ಉಳಿಯದ ಕೃತಿಯ ಕೊನೆಯ ಪ್ರತಿಯಾಗಿರಲು ಸಾಧ್ಯ.